ಬೇಸಿನ್ ಕ್ಯಾಬಿನೆಟ್ ನೀವೇ ಬದಲಿಸುವುದಾದರೆ: ಪಿವಿಸಿ, ಪ್ಲೈವುಡ್, ಕಲ್ಲು, ಯಾವುದು ನಮ್ಮ ಬಚ್ಚಲಿಗೆ?

ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಸ್ಯಾನಿಟರಿ ಅಂಗಡಿಗೆ ಹೋಗಿ ‘ಬೇಸಿನ್ ಬದಲಿಸಬೇಕು’ ಅಂದರೆ ಮೊದಲು ತೋರಿಸುವುದು ಕನ್ನಡಿ, ಡ್ರಾ, ಲೈಟು ಎಲ್ಲ ಕೂಡಿದ ಹೊಳೆಯುವ ಕ್ಯಾಬಿನೆಟ್ ಸೆಟ್ಟನ್ನು. ನೋಡಲು ಚೆಂದವೇ. ಆದರೆ ಅದು ನಿಂತಿರುವುದು ಅಂಗಡಿಯ ಒಣ ನೆಲದ ಮೇಲೆ. ನಮ್ಮ ಬಚ್ಚಲಿನ ನೆಲ ಒಣಗುವುದೇ ಮಧ್ಯಾಹ್ನದ ಮೇಲೆ. ನಾವು ಬಕೆಟ್ಟು ಚೊಂಬು ಇಟ್ಟುಕೊಂಡು ಜಳಕ ಮಾಡುವವರು, ನೆಲಕ್ಕೆ ಬಕೆಟ್ ನೀರು ಸುರಿದು ಕಸಬರಿಗೆಯಲ್ಲಿ ತಿಕ್ಕಿ ತೊಳೆಯುವವರು, ಅದರ ಮೇಲೆ ಬೋರಿನ ಸವಳು ನೀರು ಬೇರೆ. ಷವರಿನ ಕೆಳಗೆ ಗಾಜಿನ ಗೋಡೆ ಹಾಕಿ ಉಳಿದ ಜಾಗ ಒಣಗಿಸಿಟ್ಟುಕೊಳ್ಳುವ ಮನೆಗಳಿಗೆ ಮಾಡಿದ ಸಾಮಾನು ಇಲ್ಲಿ ಹಾಗೇ ಬಾಳುತ್ತದೆ ಅಂತ ಹೇಳಲಾಗದು.

ಹಾಗಾಗಿ ಬಣ್ಣ, ಡಿಸೈನು ಎಲ್ಲ ಆಮೇಲೆ. ಮೊದಲು ಮೂರು ವಿಷಯ ನೋಡಿ. ನೆಲದ ನೀರು ಎಲ್ಲಿಯ ತನಕ ಸಿಡಿಯುತ್ತದೆ? ಗೋಡೆ ಯಾವುದರದ್ದು? ನಳದಲ್ಲಿ ಬರುವ ನೀರು ಎಂಥದ್ದು? ಇಷ್ಟು ಗೊತ್ತಾದರೆ ಅಂಗಡಿಯಲ್ಲಿರುವ ಅರ್ಧಕ್ಕರ್ಧ ಮಾಲನ್ನು ನೋಡುವುದೇ ಬೇಡ. ಇಲ್ಲಿ ಹೇಳುತ್ತಿರುವುದು ಹಳೆಯ ಬೇಸಿನ್ ಇದ್ದ ಜಾಗದಲ್ಲೇ ಹೊಸದು ಕೂರಿಸುವವರಿಗೆ. ಪೈಪಿನ ಜಾಗವನ್ನೇ ಬದಲಿಸಬೇಕು, ಗೋಡೆ ಒಡೆಯಬೇಕು ಅಂತಿದ್ದರೆ ಅದು ಬೇರೆಯದೇ ಕೆಲಸ. ಅದಕ್ಕೆ ಪ್ಲಂಬರ್, ಗೌಂಡಿ ಇಬ್ಬರನ್ನೂ ಕರೆಯಿರಿ.

ಗೋಡೆ ತಟ್ಟಿ ನೋಡಿ

ಕ್ಯಾಬಿನೆಟ್ ಆಗಲಿ ಬರೀ ಬೇಸಿನ್ ಆಗಲಿ, ತೂಗು ಹಾಕುವುದಾದರೆ ಭಾರವೆಲ್ಲ ಗೋಡೆಯ ಬೋಲ್ಟಿನ ಮೇಲೆ. ಅದರ ಮೇಲೆ ಮನೆಯ ಹಿರಿಯರು ಅಂಚು ಹಿಡಿದು ಬಗ್ಗುತ್ತಾರೆ, ಮಕ್ಕಳು ಜೋತಾಡುತ್ತಾರೆ. ನಮ್ಮ ಕಡೆ ಒಂದೇ ಓಣಿಯಲ್ಲಿ ಮೂರ್ನಾಲ್ಕು ಥರದ ಗೋಡೆ ಸಿಗುತ್ತವೆ. ಹಳೆಯ ಮನೆಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಆಮೇಲಿನವುಗಳಲ್ಲಿ ಕೆಂಪು ಇಟ್ಟಿಗೆ, ಈಚೆಗೆ ಸಿಮೆಂಟ್ ಬ್ಲಾಕು ಇಲ್ಲವೇ ಹಾರುಬೂದಿ ಇಟ್ಟಿಗೆ. ಮೇಲೆ ಟೈಲ್ಸ್ ಅಂಟಿಸಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಇಟ್ಟಿಗೆ ಮತ್ತು ಗಟ್ಟಿ ಬ್ಲಾಕಿನ ಗೋಡೆಗೆ ಬೇಸಿನ್ ಜತೆ ಬರುವ ರ‍್ಯಾಗ್ ಬೋಲ್ಟು, ಪ್ಲಾಸ್ಟಿಕ್ ಪ್ಲಗ್ಗು ಸಾಕು. ಕಲ್ಲು ಮಣ್ಣಿನ ಗೋಡೆಯಲ್ಲಿ ಮಾತ್ರ ಹುಷಾರು. ಡ್ರಿಲ್ಲಿನ ಬಿಟ್, ಅಂದರೆ ಕೊರೆಯುವ ಮೊನೆ, ಗಿಲಾವು ದಾಟಿದ ಮೇಲೆ ಹೊರಗೆ ಬರುವ ಪುಡಿ ನೋಡಿ. ಬೂದು ಅಥವಾ ಬಿಳಿ ಪುಡಿ ಬಂದರೆ ಕಲ್ಲು, ಮೊನೆ ನಿಧಾನಕ್ಕೆ ಹೋಗುತ್ತದೆ ಆದರೆ ಹಿಡಿತ ಭದ್ರ. ಕಂದು ಮಣ್ಣು ಸರ‍್ರನೆ ಉದುರಿದರೆ ಅದು ಎರಡು ಕಲ್ಲಿನ ನಡುವಿನ ಸಂದಿ. ಅಲ್ಲಿ ಪ್ಲಗ್ಗು ಹಾಕಿದರೆ ಬೆರಳಲ್ಲೇ ಎಳೆದು ತೆಗೆಯಬಹುದು. ಒಂದೆರಡು ಇಂಚು ಪಕ್ಕಕ್ಕೆ ಸರಿಸಿ ನೋಡಿ, ಆಗದಿದ್ದರೆ ಗೌಂಡಿಯಿಂದ ಆ ಜಾಗ ಕೊರೆಸಿ, ಜಲ್ಲಿ ಸಿಮೆಂಟಿನಲ್ಲಿ ಬೋಲ್ಟು ಹೂಳಿಸಿ, ಒಂದು ವಾರ ನೀರುಣಿಸಿ ಬಿಡಿ. ಪೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾದಾ ಪ್ಲಗ್ಗು ಒಳಗೇ ಗಿರಗಿರ ತಿರುಗುತ್ತದೆ. ಅದಕ್ಕೆ ಜಾಲರಿ ಕೊಳವೆಯ ಜತೆ ಬರುವ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಬೋಲ್ಟು ಹಿಡಿಸುವುದು) ಬೇಕು, ಇಲ್ಲವೇ ಭಾರ ನೆಲಕ್ಕೆ ಇಳಿಯುವ ಆಯ್ಕೆಗೆ ಹೋಗಿ.

ಇನ್ನೊಂದು. ಆ್ಯಂಗಲ್ ಕಾಕ್, ಅಂದರೆ ಬೇಸಿನ್ನಿಗೆ ಹೋಗುವ ನೀರು ಬಂದ್ ಮಾಡುವ ಗೋಡೆಯ ಕಾಕ್, ಎಲ್ಲಿದೆ ನೋಡಿ, ಅದರ ನೇರಕ್ಕೆ ಮೇಲೆ ಕೆಳಗೆ ಅಕ್ಕಪಕ್ಕ ಗೋಡೆಯೊಳಗೆ ಪೈಪು ಓಡಿರುವ ಸಾಧ್ಯತೆ ಜಾಸ್ತಿ, ಆ ಗೆರೆಯಲ್ಲಿ ತೂತು ಹಾಕಬೇಡಿ. ಗೀಜರಿನ ವೈರು ಅದೇ ಗೋಡೆಯಲ್ಲಿದ್ದರೆ ಅದರ ಎಂಸಿಬಿ ಇಳಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟು ತನ್ನಿ.

ಬರೀ ಬೇಸಿನ್, ಇಲ್ಲವೇ ಕಂಬದ ಬೇಸಿನ್

ಕ್ಯಾಬಿನೆಟ್ ಕೊಳೆತು ಹೋಗಿದೆ, ಹೊಸ ಕ್ಯಾಬಿನೆಟ್ಟೇ ತರಬೇಕು ಅಂತ ಹೊರಡುವವರು ಒಮ್ಮೆ ಯೋಚಿಸಿ, ಅದರೊಳಗೆ ಇಷ್ಟು ದಿನ ಏನಿತ್ತು? ಹಳೆಯ ಬ್ರಷ್ಷು, ಅರ್ಧ ಮುಗಿದ ಫಿನಾಯಿಲ್ ಬಾಟಲಿ, ಜಿರಳೆ. ಅಷ್ಟಕ್ಕೇ ಆದರೆ ಗೋಡೆಗೆ ತೂಗುವ ಬಿಳಿ ಬೇಸಿನ್ನೊಂದು ಹಾಕಿ, ಪಕ್ಕದಲ್ಲಿ ಒಂದು ಸಣ್ಣ ಸ್ಟೀಲ್ ಸ್ಟ್ಯಾಂಡ್ ಹೊಡೆದರೆ ಮುಗಿಯಿತು. ಕೆಳಗೆ ಖಾಲಿ ಇರುತ್ತದೆ, ಕಸಬರಿಗೆ ಗೋಡೆ ತನಕ ಹೋಗುತ್ತದೆ, ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೆ ಬೀಳುತ್ತದೆ. ಸಾದಾ ಬೇಸಿನ್ನಿಗೆ ಸಾವಿರ, ಎರಡು ಸಾವಿರ ಹಿಡಿದುಕೊಳ್ಳಿ, ನಳ ಬೇರೆ. ನೀವೇ ಮಾಡುವ ಕೆಲಸಗಳಲ್ಲಿ ಇದೇ ಸುಲಭದ್ದು.

ಅಳತೆಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಹೊಸ ಬೇಸಿನ್ನಿನ ಬೋಲ್ಟ್ ತೂತುಗಳ ನಡುವಿನ ಅಂತರ ಹಳೆಯದರಷ್ಟೇ ಇರುತ್ತದೆ ಅಂತ ನಂಬಬೇಡಿ. ಅಂಗಡಿಯಲ್ಲಿ ಟೇಪು ಹಿಡಿದು ನೋಡಿ. ಹಳೆಯ ತೂತಿಗೆ ಸರಿಯಾಗಿ ಕೂಡಿದರೆ ಅದೃಷ್ಟ. ತೀರಾ ಹತ್ತಿರ, ಅಂದರೆ ಅರ್ಧ ಇಂಚು ಆಚೀಚೆ ಬಂದರೆ ಅದೇ ಕಷ್ಟ. ಹೊಸ ತೂತು ಹಳೆಯದರೊಳಗೆ ಜಾರಿ ಎರಡೂ ಹಾಳಾಗುತ್ತವೆ. ಆಗ ಬೇಸಿನ್ನನ್ನು ಒಂದೆರಡು ಇಂಚು ಮೇಲಕ್ಕೋ ಕೆಳಕ್ಕೋ ಸರಿಸುವುದು ಒಳ್ಳೆಯದು. ನೆಲದಿಂದ ಬೇಸಿನ್ನಿನ ಮೇಲಂಚಿಗೆ 32 ಇಂಚು ಆಸುಪಾಸು ಬಹಳ ಮನೆಗಳಲ್ಲಿ ಸರಿಹೋಗುತ್ತದೆ, ಎತ್ತರದ ಆಳುಗಳೇ ಜಾಸ್ತಿ ಇದ್ದರೆ ಒಂದೆರಡು ಇಂಚು ಏರಿಸಿಕೊಳ್ಳಿ.

ಕಂಬದ ಬೇಸಿನ್ ಅಂದರೆ ಪೆಡೆಸ್ಟಲ್. ಕಂಬ ಇದೆಯಲ್ಲ, ಭಾರ ಅದೇ ಹೊರುತ್ತದೆ, ಬೋಲ್ಟು ಯಾಕೆ ಅಂತ ಕೆಲವರು ಸುಮ್ನೆ ಸಿಮೆಂಟ್ ಮೆತ್ತಿ ಕೂರಿಸುತ್ತಾರೆ. ತಪ್ಪು. ಕಂಬ ಇರುವುದು ಮುಖ್ಯವಾಗಿ ಪೈಪು ಮುಚ್ಚಲು, ಒಂಚೂರು ಆಸರೆಗೆ. ಬೇಸಿನ್ನನ್ನು ಗೋಡೆಗೆ ಬಿಗಿಯಲೇಬೇಕು. ನನಗೆ ಈ ಕಂಬ ಅಷ್ಟು ಹಿಡಿಸುವುದಿಲ್ಲ. ಹಿಂದುಗಡೆ ಕೈ ಹೋಗುವುದಿಲ್ಲ, ಸವಳು ಕಟ್ಟಿದ ಬುಡ ಯಾವತ್ತೂ ಬೆಳ್ಳಗೆ ಬೂಷ್ಟು ಹಿಡಿದಂತೆ ಕಾಣುತ್ತದೆ, ಒಳಗೆ ಕನೆಕ್ಷನ್ ಪೈಪು ಬದಲಿಸಬೇಕಾದರೆ ಇಡೀ ಕಂಬ ಎತ್ತಬೇಕು. ಪಡಸಾಲೆಯಲ್ಲಿ ಕೈ ತೊಳೆಯಲು ಇಡುವ ಬೇಸಿನ್ನಿಗಾದರೆ ಸರಿ. ಅಲ್ಲಿ ನೆಲ ಒಣಗಿರುತ್ತದೆ, ಬಂದವರ ಕಣ್ಣಿಗೂ ಚೆಂದ.

ಕ್ಯಾಬಿನೆಟ್ ಬೇಕೇ ಬೇಕು ಅಂದರೆ

ಇಲ್ಲಿಯೇ ಜನ ಜಾಸ್ತಿ ದುಡ್ಡು ಕಳೆಯುವುದು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ನಾಲ್ಕು ಥರದ ಹಲಗೆ ಮಾರುಕಟ್ಟೆಯಲ್ಲಿದೆ: ಪಾರ್ಟಿಕಲ್ ಬೋರ್ಡು, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ್ದು) ಮತ್ತು ಅದರ ಅಣ್ಣನಂತೆ ಇನ್ನೂ ಗಟ್ಟಿಯಾದ ಎಚ್‌ಡಿಎಚ್‌ಎಂಆರ್, ಪ್ಲೈವುಡ್, ಕೊನೆಗೆ ಪಿವಿಸಿ ಅಥವಾ ಡಬ್ಲ್ಯುಪಿಸಿ, ಅಂದರೆ ಪ್ಲಾಸ್ಟಿಕ್ಕಿನದು ಇಲ್ಲವೇ ಅದಕ್ಕೆ ಮರದ ಪುಡಿ ಬೆರೆಸಿದ್ದು. ಬಣ್ಣ ಬಳಿದು ಲ್ಯಾಮಿನೇಟ್ ಅಂಟಿಸಿದರೆ ನಾಲ್ಕೂ ಅವಳಿ ಜವಳಿ. ತಿಳಿಯುವ ದಾರಿ ಅಂಚು. ಡ್ರಾ ಹೊರಗೆಳೆದು ಹಿಂಬದಿ ನೋಡಿ, ಪೈಪಿಗೆ ಕೊರೆದ ತೂತಿನೊಳಗೆ ಮೊಬೈಲ್ ಬೆಳಕು ಬಿಡಿ. ಮರದ ಚೂರು ಕಂಡರೆ ಪಾರ್ಟಿಕಲ್ ಬೋರ್ಡು, ನುಣ್ಣಗೆ ಕಂದು ರಟ್ಟಿನಂತಿದ್ದರೆ ಎಂಡಿಎಫ್, ಪದರ ಪದರ ಇದ್ದರೆ ಪ್ಲೈ, ಬೆಳ್ಳಗೆ ನೊರೆಯಂತೆ ಸಣ್ಣ ಸಣ್ಣ ಗುಳ್ಳೆ ಇದ್ದರೆ ಪಿವಿಸಿ.

ಪಾರ್ಟಿಕಲ್ ಬೋರ್ಡು ಮತ್ತು ಎಂಡಿಎಫ್ ನೀರು ಕುಡಿದು ಉಬ್ಬುತ್ತವೆ. ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಹಳೆಯ ಆಕಾರಕ್ಕೆ ಬರುವುದಿಲ್ಲ. ನಮ್ಮದು ಒಣ ಸೀಮೆ, ಮಂಗಳೂರಿನಂತೆ ಗಾಳಿಯಲ್ಲೇ ತೇವ ಇಲ್ಲ, ಹಾಗಾಗಿ ಇಲ್ಲಿ ಎಂಡಿಎಫ್ ನಡೆಯುತ್ತದೆ ಅಂತ ಅಂಗಡಿಯವರು ವಾದಿಸುವುದುಂಟು. ಮಾತಿನ ಮೊದಲರ್ಧ ನಿಜ. ಆದರೆ ಹಲಗೆ ಕೆಡುವುದು ಬಚ್ಚಲಿನ ಗಾಳಿಯಿಂದ ಕಡಿಮೆ, ಬುಡಕ್ಕೆ ನಿಂತ ನೀರಿನಿಂದ ಜಾಸ್ತಿ. ನೆಲಕ್ಕೆ ಕಾಲೂರಿದ ಎಂಡಿಎಫ್ ಕ್ಯಾಬಿನೆಟ್ಟು ದಿನಾ ಸುರಿಯುವ ಬಕೆಟ್ ನೀರಿನಲ್ಲಿ ನಿಂತರೆ ಊರಿನ ಹವಾ ಏನೇ ಇರಲಿ ಉಳಿಯುವುದಿಲ್ಲ. ಎಚ್‌ಡಿಎಚ್‌ಎಂಆರ್ ತೇವ ತಡೆಯುವಂಥದ್ದು ಹೌದು. ತೇವ ತಡೆಯುವುದು ಬೇರೆ, ನೀರಲ್ಲಿ ನೆನೆದರೂ ಏನೂ ಆಗದಿರುವುದು ಬೇರೆ. ‘ವಾಟರ್ ಪ್ರೂಫ್’ ಅಂತ ಅಂಗಡಿಯವರು ಹೇಳಿದರೆ ಅದನ್ನೇ ಬಿಲ್ಲಿನ ಮೇಲೆ ಬರೆದು ಕೊಡಿ ಅನ್ನಿ. ಬರೆಯಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಂತೆ.

ಪ್ಲೈವುಡ್ಡಿನಲ್ಲಿ ಮುದ್ರೆ ನೋಡಿ. ಐಎಸ್ 710 ಅಂತ ಇದ್ದರೆ ಮರೈನ್ ದರ್ಜೆ, ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಿರಬೇಕು ಅನ್ನುವುದು ಮಾನದಂಡ. ಎಂಆರ್ (ಬರೀ ತೇವ ತಡೆಯುವ ದರ್ಜೆ) ಅಂತಿದ್ದರೆ ಅದು ಕೋಣೆಯೊಳಗಿನ ಕಪಾಟಿಗೆ ಸರಿ, ಬಚ್ಚಲಿಗೆ ಬೇಡ. ಮರೈನ್ ಪ್ಲೈ ಸ್ಕ್ರೂ ಭದ್ರವಾಗಿ ಹಿಡಿಯುತ್ತದೆ, ಭಾರ ಹೊರುತ್ತದೆ, ಬಡಿಗರಿಂದ ನಿಮ್ಮ ಅಳತೆಗೇ ಮಾಡಿಸಬಹುದು. ಬಚ್ಚಲು ನಾಲ್ಕಡಿ ಅಗಲ ಇದ್ದು ರೆಡಿಮೇಡ್ ಯಾವುದೂ ಕೂಡದಿದ್ದರೆ ಇದೇ ದಾರಿ. ದುಡ್ಡು ಜಾಸ್ತಿ. ಗೆದ್ದಲಿನ ಭಯವೂ ಇದೆ, ಅದರಲ್ಲೂ ಕಲ್ಲು ಮಣ್ಣಿನ ಗೋಡೆಯ ಹಳೆಯ ಮನೆಯಲ್ಲಿ. ಪ್ಲೈ ಮಾಡಿಸುವುದಾದರೆ ಹಿಂಬದಿ ಹಲಗೆಯನ್ನು ಗೋಡೆಗೆ ಅಂಟಿಸದೆ ಒಂದು ಬೆರಳಿನಷ್ಟು ಸಂದಿ ಬಿಡಿಸಿ, ಕೊಯ್ದ ಪ್ರತಿ ಅಂಚಿಗೂ, ಪೈಪಿನ ತೂತಿನ ಒಳಸುತ್ತಿಗೂ ಬಣ್ಣವೋ ಅಂಟೋ ಬಳಿಸಿ. ಬಡಿಗರು ಹೊರಗಿನ ಅಂಚು ಮುಚ್ಚುತ್ತಾರೆ, ಒಳಗಿನ ತೂತನ್ನು ಮರೆಯುತ್ತಾರೆ. ನೀರು ನುಗ್ಗುವುದು ಅಲ್ಲಿಂದಲೇ.

ಪಿವಿಸಿ ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಹಗುರ, ಒಬ್ಬರೇ ಎತ್ತಬಹುದು. ಬೇಸಿನ್ ಸಮೇತ ಸಣ್ಣ ಸೆಟ್ಟು ಐದಾರು ಸಾವಿರದಿಂದ ಶುರುವಾಗುತ್ತದೆ. ಇದರ ದೋಷ ಎರಡು. ಸ್ಕ್ರೂ ಹಿಡಿತ ಕಡಿಮೆ, ಕೀಲು ಬಿಚ್ಚಿ ಮತ್ತೆ ಮತ್ತೆ ಹಾಕಿದರೆ ತೂತು ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ. ಇನ್ನೊಂದು ಬಿಸಿ. ಪಿವಿಸಿ 75–80 ಡಿಗ್ರಿ ಆಸುಪಾಸಿಗೆ ಮೆತ್ತಗಾಗಲು ಶುರುವಾಗುತ್ತದೆ. ಬಚ್ಚಲೊಳಗೆ ಅಷ್ಟು ಬಿಸಿ ಬರುವುದಿಲ್ಲ, ರಾಯಚೂರಿನ ಮೇ ತಿಂಗಳಲ್ಲೂ ಇಲ್ಲ. ಆದರೆ ಖರೀದಿಸಿ ತಂದ ಬಾಕ್ಸನ್ನು ಬಳ್ಳಾರಿ ಬಿಸಿಲಲ್ಲಿ ತಾರಸಿಯ ಮೇಲೆ ಇಟ್ಟು ‘ಭಾನುವಾರ ಕೂರಿಸೋಣ’ ಅಂದರೆ ಹಲಗೆ ಸೊಟ್ಟಗಾಗಬಹುದು. ಕೂದಲು ನೆಟ್ಟಗೆ ಮಾಡುವ ಬಿಸಿ ಇಸ್ತ್ರಿಯನ್ನು ಅದರ ಮೇಲೆ ಇಡುವುದೂ ಬೇಡ.

ಪಿವಿಸಿ ಎಲ್ಲ ಒಂದೇ ಅಲ್ಲ. ಉಗುರಿನಿಂದ ಒತ್ತಿ ನೋಡಿ, ಗುರುತು ಆಳವಾಗಿ ಬಿದ್ದರೆ ಗುಳ್ಳೆ ಜಾಸ್ತಿ, ಮಾಲು ಕಡಿಮೆ. ಒಳಗಿನ ಕೀಲು, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನವೇ ಅಂತ ಕೇಳಿ. ಹಲಗೆ ಹಾಗೇ ಇದ್ದು ಕೀಲು ತುಕ್ಕು ಹಿಡಿದು ಬಾಗಿಲು ಕೈಗೆ ಬರುವುದು ಈ ಸೆಟ್ಟುಗಳ ಸಾಮಾನ್ಯ ಕಥೆ.

ಹಲಗೆ ಯಾವುದೇ ಇರಲಿ, ತೂಗು ಹಾಕುವ ಮಾದರಿಯನ್ನೇ ತೆಗೆದುಕೊಳ್ಳಿ. ನೆಲಕ್ಕೂ ಕ್ಯಾಬಿನೆಟ್ ತಳಕ್ಕೂ ಒಂದಡಿ ಜಾಗ ಇರಲಿ. ಇದೊಂದು ಮಾತಿನಲ್ಲಿ ನಾನು ರಾಜಿ ಆಗುವವನಲ್ಲ.

ಕೊಳ್ಳುವ ಮುಂಚೆ ಇನ್ನೊಂದು ನೋಡಬೇಕಾದ್ದು, ನಿಮ್ಮ ಮನೆಯ ಹೊಲಸು ನೀರಿನ ಪೈಪು ಎಲ್ಲಿಗೆ ಹೋಗುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಬೇಸಿನ್ನಿನ ಸುಕ್ಕು ಪೈಪು ನೇರ ಕೆಳಗಿಳಿದು ನೆಲದ ನಹಾನಿ ಟ್ರ್ಯಾಪಿಗೆ, ಅಂದರೆ ಬಚ್ಚಲ ನೀರು ಹೋಗುವ ಜಾಲರಿ ಕಿಂಡಿಗೆ, ಬೀಳುತ್ತದೆ. ಹಾಗಿದ್ದರೆ ಕ್ಯಾಬಿನೆಟ್ಟಿನ ತಳದಲ್ಲಿ ಪೈಪಿಗೆ ತೂತು ಬೇಕು, ಡ್ರಾ ಇರುವ ಮಾದರಿ ಆಗುವುದೇ ಇಲ್ಲ, ಬಾಗಿಲಿನದ್ದೇ ತರಬೇಕು. ಪೈಪು ಗೋಡೆಯೊಳಗೆ ಹೋಗುವುದಾದರೆ ಬಾಟಲ್ ಟ್ರ್ಯಾಪ್ (ಬೇಸಿನ್ನಿನಡಿ ಕೂರುವ, ಸ್ವಲ್ಪ ನೀರು ಹಿಡಿದಿಡುವ ಬಾಟಲಿಯಂಥ ಭಾಗ) ಹಾಕಬೇಕು, ಆಗ ಡ್ರಾ ನಡುವೆ ಅದಕ್ಕೆ ಜಾಗ ಕೊಯ್ದಿರಬೇಕು. ಟ್ರ್ಯಾಪಿನಲ್ಲಿ ನಿಲ್ಲುವ ಎರಡು ಇಂಚು ನೀರೇ ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು. ಬೇಸಿಗೆ ರಜೆಯಲ್ಲಿ ಮನೆ ಬೀಗ ಹಾಕಿ ಹೋದರೆ ನಮ್ಮ ಬಿಸಿಲಿಗೆ ಆ ನೀರು ಆರಿ ಹೋಗುತ್ತದೆ. ಬಂದ ತಕ್ಷಣ ಮನೆ ನಾತ ಹೊಡೆದರೆ ಹೆದರಬೇಡಿ, ಎರಡು ಚೊಂಬು ನೀರು ಹಾಕಿ.

ಕಲ್ಲು ನಮ್ಮ ಕೈಗೆಟುಕುವಲ್ಲೇ ಇರುವಾಗ

ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟು ದೇಶವಿದೇಶಕ್ಕೆ ಹೋಗುತ್ತದೆ. ನಾವು ಅದರ ಮಗ್ಗುಲಲ್ಲೇ ಕೂತು ರಟ್ಟಿನ ಕ್ಯಾಬಿನೆಟ್ಟಿಗೆ ದುಡ್ಡು ಸುರಿಯುತ್ತೇವೆ ಅಂದರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಪಾಲಿಷ್ ಮಾಡುವ ಕಡೆ ಉಳಿದ ತುಂಡು ಕಲ್ಲು ಇರುತ್ತವೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತುಂಡು ಬೇಸಿನ್ನಿಗೆ ಧಾರಾಳ ಸಾಕು. ಅಡುಗೆಮನೆ ಕಟ್ಟೆಗೆ ಸಾಲದ ತುಂಡು ಅದು, ಇಡೀ ಸ್ಲ್ಯಾಬಿನ ದರ ಕೊಡಬೇಕಿಲ್ಲ, ಚೌಕಾಸಿ ಮಾಡಿ.

ಈ ಅಳತೆಯ 20 ಮಿ.ಮೀ. ದಪ್ಪದ ಗ್ರಾನೈಟು 22–23 ಕೆಜಿ ತೂಗುತ್ತದೆ, ಬೇಸಿನ್ನು ನೀರು ಬೇರೆ. ಹಾಗಾಗಿ ಎರಡು ಬದಿಗೆ ಗೋಡೆಯೊಳಗೆ ಒಂದೆರಡು ಇಂಚು ಕೂರಿಸುವುದೋ, ಅಡಿಯಲ್ಲಿ ಕಲ್ಲಿನದ್ದೇ ಎರಡು ಕಾಲು ನಿಲ್ಲಿಸುವುದೋ, ದಪ್ಪ ಕಬ್ಬಿಣದ ಬ್ರಾಕೆಟ್ಟೋ ಬೇಕು. ಬದಿಯ ಕಲ್ಲಿನ ಕಾಲು ನೀರಲ್ಲಿ ನಿಂತರೂ ಏನೂ ಆಗುವುದಿಲ್ಲ, ಅದೇ ಇದರ ದೊಡ್ಡ ಗುಣ. ಅಡಿಯಲ್ಲಿ ಬಾಗಿಲು ಹಾಕಬೇಡಿ. ಖಾಲಿ ಬಿಡಿ, ಇಲ್ಲವೇ ನಡುವೆ ಒಂದು ಕಲ್ಲಿನ ಅರೆ ಕೂರಿಸಿ ಸೋಪು, ಪುಡಿ ಡಬ್ಬಿ ಇಟ್ಟುಕೊಳ್ಳಿ.

ಇದನ್ನು ಪೂರ್ತಿ ನೀವೇ ಮಾಡಬಹುದೇ? ಪೂರ್ತಿ ಆಗುವುದಿಲ್ಲ. ಬೇಸಿನ್ನಿಗೂ ನಳಕ್ಕೂ ತೂತು ಕೊರೆಯುವುದು ಕಲ್ಲಿನವರ ಮಷೀನಿನಲ್ಲೇ ಆಗಬೇಕು, ಮನೆಯಲ್ಲಿ ಕಟರ್ ಹಿಡಿದು ಕೂತರೆ ಕಲ್ಲು ಮೂಲೆಯಿಂದ ಸೀಳುತ್ತದೆ, ದೂಳು ಪುಪ್ಪುಸಕ್ಕೆ ಹೋಗುತ್ತದೆ. ಗೋಡೆ ಕೊರೆದು ಕೂರಿಸುವುದು ಗೌಂಡಿಯ ಒಂದು ದಿನದ ಕೆಲಸ. ಆಮೇಲಿನದ್ದು, ಅಂದರೆ ಬೇಸಿನ್ನು ಕೂರಿಸುವುದು, ನಳ, ಪೈಪು, ಸಿಲಿಕೋನು, ಎಲ್ಲ ನಿಮ್ಮದು.

ಕಡಪಾ ಕಲ್ಲು ಇನ್ನೂ ಅಗ್ಗ, ಶಹಾಬಾದಿ ಕಲ್ಲೂ ಹಾಗೇ. ಆದರೆ ಇವೆರಡೂ ಸುಣ್ಣದ ಕಲ್ಲಿನ ಜಾತಿ. ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಿದ್ದರೆ ಮೇಲ್ಮೈ ಮಂಕಾಗುತ್ತದೆ. ಗ್ರಾನೈಟು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮ ನೀರಿಗೆ ಸವಳು ತೆಗೆಯಲು ಹುಳಿ ಹಚ್ಚುವುದು ತಪ್ಪದು, ಆದ್ದರಿಂದ ಮೇಲಿನ ಸ್ಲ್ಯಾಬು ಗ್ರಾನೈಟಿನದ್ದೇ ಇರಲಿ. ಅಡಿಯ ಕಾಲಿಗೆ, ಅರೆಗೆ ಕಡಪಾ ನಡೆಯುತ್ತದೆ.

ಕಲ್ಲಿನ ಮೇಲೆ ಬಟ್ಟಲಿನಂತೆ ಕೂರುವ ಟೇಬಲ್ ಟಾಪ್ ಬೇಸಿನ್ನೋ, ಅಡಿಯಿಂದ ಅಂಟಿಸುವ ಅಂಡರ್ ಕೌಂಟರ್ ಬೇಸಿನ್ನೋ? ಒರೆಸಲು ಎರಡನೆಯದು ಸುಲಭ, ಕಲ್ಲಿನ ಮೇಲಿನ ನೀರು ನೇರ ಒಳಗೆ ತಳ್ಳಬಹುದು. ಆದರೆ ಅಡಿಯಿಂದ ಹಿಡಿದು ನಿಲ್ಲಿಸಿ ಅಂಟಿಸುವುದು ಹೊಸಬರಿಗೆ ಕಷ್ಟ. ಮುಂದೊಂದು ದಿನ ಬೇಸಿನ್ನು ಒಡೆದರೆ ಬಿಚ್ಚುವುದು ಇನ್ನೂ ಕಷ್ಟ. ಟೇಬಲ್ ಟಾಪ್ ಆದರೆ ಮೇಲಿಟ್ಟು ಸುತ್ತ ಸಿಲಿಕೋನ್ ಎಳೆದರೆ ಆಯಿತು. ಅದರ ಖರ್ಚು ಬೇರೆ ಕಡೆ ಬರುತ್ತದೆ: ನಿಮ್ಮ ಹಳೆಯ ಗಿಡ್ಡ ನಳ ಆ ಬಟ್ಟಲಿನ ಅಂಚು ದಾಟುವುದಿಲ್ಲ, ಎತ್ತರದ ನಳ ಕೊಳ್ಳಬೇಕು. ಕಲ್ಲಿನ ಎತ್ತರವನ್ನೂ ಇಳಿಸಬೇಕು. ಬಟ್ಟಲೇ ಐದಾರು ಇಂಚು ಇರುತ್ತದೆ, ಕಲ್ಲನ್ನು 32 ಇಂಚಿಗೆ ಕೂರಿಸಿದರೆ ಮಕ್ಕಳು ಸ್ಟೂಲ್ ಹುಡುಕಬೇಕಾಗುತ್ತದೆ. 26–28 ಇಂಚು ಸರಿ.

ನಳ, ಒತ್ತಡ, ಸವಳು

ಒಂದಂತಸ್ತಿನ ಮನೆ, ತಾರಸಿಯ ಮೇಲೆ ಟ್ಯಾಂಕು. ನಳಕ್ಕೂ ಟ್ಯಾಂಕಿನ ನೀರಿನ ಮಟ್ಟಕ್ಕೂ ಹತ್ತಡಿ ಅಂತರ ಇದೆ ಅಂದರೆ ಒತ್ತಡ ಸಿಗುವುದು ಬರೀ 0.3 ಬಾರ್. ಬಿಸಿ ತಣ್ಣೀರು ಬೆರೆಸುವ ಒಂಟಿ ಹಿಡಿಯ ಮಿಕ್ಸರ್ ನಳಗಳಲ್ಲಿ ಬಹಳಷ್ಟಕ್ಕೆ ಅದಕ್ಕಿಂತ ಜಾಸ್ತಿ ಒತ್ತಡ ಬೇಕು. ಅಂಗಡಿಯ ಪಂಪಿನಲ್ಲಿ ಭರ‍್ರನೆ ಸುರಿದ ನಳ ಮನೆಯಲ್ಲಿ ಎಳೆಎಳೆಯಾಗಿ ಬರುವುದು ಇದಕ್ಕೇ. ಡಬ್ಬಿಯ ಮೇಲೆ ಎಷ್ಟು ಬಾರ್ ಬೇಕು ಅಂತ ಬರೆದಿರುತ್ತದೆ, ಓದಿ. ಬರೀ ತಣ್ಣೀರು ಬಿಡುವ ಸಾದಾ ಪಿಲ್ಲರ್ ಕಾಕ್ ನಳ ಕಡಿಮೆ ಒತ್ತಡದಲ್ಲೂ ನೆಮ್ಮದಿಯಾಗಿ ಹರಿಯುತ್ತದೆ.

ತುಂಗಭದ್ರೆಯ ನೀರು ಬರುವ ಮನೆಗೂ ಬೋರಿನ ನೀರೇ ಗತಿ ಅನ್ನುವ ಮನೆಗೂ ಆಯ್ಕೆ ಬೇರೆ ಆಗಬೇಕು. ನದಿ ನೀರಿದ್ದರೆ ಕಪ್ಪು ಬೇಸಿನ್ನು, ಗಾಜಿನ ಬಟ್ಟಲು ಏನಾದರೂ ತನ್ನಿ, ನಿಮ್ಮಿಷ್ಟ. ಬೋರಿನ ನೀರಾದರೆ ಹೊಳೆಯುವ ಬಿಳಿ ಸಿರಾಮಿಕ್ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬೇಡಿ. ಕಪ್ಪು ಮ್ಯಾಟ್ ಬೇಸಿನ್ನಿನ ಮೇಲೆ ಪ್ರತಿ ಹನಿಯೂ ಒಣಗಿ ಬಿಳಿ ಉಂಗುರ ಬಿಡುತ್ತದೆ, ಮ್ಯಾಟ್ ಆದ್ದರಿಂದ ತಿಕ್ಕಿದರೂ ಹೋಗುವುದು ಕಷ್ಟ. ನಳದ ಬಾಯಿಯ ಜಾಲರಿಯನ್ನು ಕೈಯಲ್ಲೇ ಬಿಚ್ಚುವಂತಿದ್ದರೆ ಒಳ್ಳೆಯದು. ಆಗಾಗ ಬಿಚ್ಚಿ ವಿನೆಗರಿನಲ್ಲಿ ನೆನೆಸಿಟ್ಟರೆ ಕಟ್ಟಿದ ಸುಣ್ಣ ಕರಗುತ್ತದೆ. ನಳದ ಹೊಳಪಿನ ಮೇಲೆ ಮಾತ್ರ ಟಾಯ್ಲೆಟ್ ಆ್ಯಸಿಡ್ ಸುರಿಯಬೇಡಿ, ಕ್ರೋಮ್ ಎದ್ದು ಹೋಗುತ್ತದೆ.

ಕೆಲಸಕ್ಕೆ ಕೂತಾಗ

ಸಾಮಾನು: ಸ್ಕ್ರೂ ಪಾನಾ, ಡ್ರಿಲ್ ಮಷೀನು, ರಸಮಟ್ಟ, ಟೆಫ್ಲಾನ್ ಟೇಪು, ಎರಡು ಹೊಸ ಕನೆಕ್ಷನ್ ಪೈಪು, 32 ಮಿ.ಮೀ. ವೇಸ್ಟ್ ಕಪ್ಲಿಂಗು (ಬೇಸಿನ್ನಿನ ತಳದ ತೂತಿಗೆ ಕೂರಿಸಿ ಪೈಪು ಜೋಡಿಸುವ ಭಾಗ), ಸಿಲಿಕೋನ್ ಟ್ಯೂಬು ಮತ್ತು ಗನ್ನು, ಒಂದು ಬಕೆಟ್ಟು, ಹಳೆಯ ಬಟ್ಟೆ. ಹಳೆಯ ಕನೆಕ್ಷನ್ ಪೈಪನ್ನೇ ಮತ್ತೆ ಹಾಕುವ ಉಳಿತಾಯ ಬೇಡ, ಅದರೊಳಗಿನ ರಬ್ಬರು ಗಟ್ಟಿಯಾಗಿರುತ್ತದೆ.

ಮೊದಲು ಆ್ಯಂಗಲ್ ಕಾಕ್ ಬಂದ್ ಮಾಡಿ. ಸವಳು ಹಿಡಿದು ತಿರುಗದಿದ್ದರೆ ಜೋರು ಮಾಡಬೇಡಿ, ಗೋಡೆಯೊಳಗಿನ ಎಲ್ಬೋ ಮುರಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ತಾರಸಿಗೆ ಹೋಗಿ ಟ್ಯಾಂಕಿನ ವಾಲ್ ಬಂದ್ ಮಾಡಿ, ಕೆಳಗಿನ ನಳ ಬಿಟ್ಟು ಪೈಪು ಖಾಲಿ ಮಾಡಿಕೊಳ್ಳಿ. ಹಾಗೆ ಹಟ ಮಾಡುವ ಆ್ಯಂಗಲ್ ಕಾಕನ್ನೂ ಇದೇ ಸರದಿಯಲ್ಲಿ ಬದಲಿಸಿ. ಹಳೆಯ ಬೇಸಿನ್ನಿನ ಸುತ್ತಲಿನ ಬಿಳಿ ಸಿಮೆಂಟನ್ನು ಬ್ಲೇಡಿನಿಂದ ಕೊಯ್ದು, ಅಡಿಯ ನಟ್ಟು ಬಿಚ್ಚುವಾಗ ಇನ್ನೊಬ್ಬರು ಬೇಸಿನ್ ಹಿಡಿದಿರಲಿ. ಒಬ್ಬರೇ ಮಾಡುವ ಕೆಲಸ ಇದಲ್ಲ, ಒಡೆದ ಸಿರಾಮಿಕ್ ಚಾಕುವಿಗಿಂತ ಹರಿತ.

ಟೈಲ್ಸ್ ಮೇಲೆ ಗುರುತು ಮಾಡಿದ ಕಡೆ ಪೇಪರ್ ಟೇಪು ಅಂಟಿಸಿ ಡ್ರಿಲ್ ಇಡಿ, ಮೊನೆ ಜಾರುವುದಿಲ್ಲ. ಟೈಲ್ಸ್ ದಾಟುವ ತನಕ ಸುತ್ತಿಗೆ ಹೊಡೆತ ಆನ್ ಮಾಡಬೇಡಿ, ದಾಟಿದ ಮೇಲೆ ಮಾಡಿ. ಕಣ್ಣಿಗೆ ಕನ್ನಡಕ ಇರಲಿ. ನಳವನ್ನೂ ಕಪ್ಲಿಂಗನ್ನೂ ಬೇಸಿನ್ ನೆಲದ ಮೇಲಿರುವಾಗಲೇ ಬಿಗಿದುಬಿಡಿ. ಗೋಡೆಗೇರಿಸಿದ ಮೇಲೆ ಅಡಿಗೆ ತಲೆ ತೂರಿಸಿ ಬಿಗಿಯುವುದು ಕತ್ತಿಗೆ ಶಿಕ್ಷೆ.

ಕಪ್ಲಿಂಗಿನಲ್ಲಿ ಎರಡು ಜಾತಿ. ಬೇಸಿನ್ನಿನ ಮೇಲ್ಭಾಗದಲ್ಲಿ ಓವರ್‌ಫ್ಲೋ ತೂತು ಇದ್ದರೆ ಪಕ್ಕದಲ್ಲಿ ಸೀಳು ಇರುವ ಕಪ್ಲಿಂಗ್ ಬೇಕು, ಇಲ್ಲದಿದ್ದರೆ ಸೀಳಿಲ್ಲದ್ದು. ಸೀಳಿಲ್ಲದ್ದನ್ನು ಓವರ್‌ಫ್ಲೋ ಬೇಸಿನ್ನಿಗೆ ಹಾಕಿದರೆ ಉಕ್ಕುವ ನೀರಿಗೆ ದಾರಿ ಇರುವುದಿಲ್ಲ. ಟೇಬಲ್ ಟಾಪ್ ಬಟ್ಟಲುಗಳಲ್ಲಿ ಬಹಳಷ್ಟಕ್ಕೆ ಓವರ್‌ಫ್ಲೋ ಇರುವುದಿಲ್ಲ, ಅದಕ್ಕೆ ಸೀಳಿನ ಕಪ್ಲಿಂಗ್ ಹಾಕಿದರೆ ಸೀಳಿನ ಕಡೆಯಿಂದಲೇ ಸೋರಬಹುದು. ಅಂಗಡಿಯಲ್ಲಿ ಬೇಸಿನ್ನಿನ ಜತೆಗೇ ಹೊಂದಿಸಿ ನೋಡಿ ತನ್ನಿ.

ಬೋಲ್ಟಿನ ನಟ್ಟನ್ನು ಕೈಯಲ್ಲಿ ಬಿಗಿದು, ಆಮೇಲೆ ಪಾನಾದಲ್ಲಿ ಒಂಚೂರು ಮಾತ್ರ. ನಡುವೆ ಪ್ಲಾಸ್ಟಿಕ್ ವಾಷರ್ ಇರಲೇಬೇಕು. ಇನ್ನೂ ಭದ್ರ ಇರಲಿ ಅಂತ ಜಗ್ಗಿದರೆ ಸಿರಾಮಿಕ್ ಆಗಲೇ ಬಿರಿಯುತ್ತದೆ, ಇಲ್ಲವೇ ಕಣ್ಣಿಗೆ ಕಾಣದ ಸೀಳು ಬಿದ್ದು ತಿಂಗಳು ಕಳೆದ ಮೇಲೆ ಬಾಯಿ ಬಿಡುತ್ತದೆ.

ಸಿಲಿಕೋನಿನ ಬಗ್ಗೆ ಒಂದು ಮಾತು. ವಿನೆಗರಿನಂತೆ ಘಾಟು ಹೊಡೆಯುವ ಸಿಲಿಕೋನು ಸಿರಾಮಿಕ್ಕಿಗೆ, ಟೈಲ್ಸಿಗೆ ಸರಿ. ಕಲ್ಲಿನ ಅಂಚಿಗೆ ಬೇಡ, ಕಲೆ ಬೀಳಬಹುದು, ಕಡಪಾ ಮತ್ತು ಮಾರ್ಬಲ್ ಆದರೆ ಖಂಡಿತ ಬೇಡ. ಕಲ್ಲಿಗೆ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ. ಜಾಗ ಪೂರ್ತಿ ಒಣಗಿರಬೇಕು. ಎಳೆದ ಮೇಲೆ ಒಂದು ದಿನ ಆ ಬಚ್ಚಲಲ್ಲಿ ಯಾರೂ ನೀರು ಚೆಲ್ಲಬಾರದು. ಒಂದೇ ಬಚ್ಚಲು ಇರುವ ಮನೆಯಲ್ಲಿ ಇದನ್ನು ಮೊದಲೇ ಎಲ್ಲರಿಗೂ ಹೇಳಿಟ್ಟಿರಿ, ಅಲ್ವಾ, ಸೋಮವಾರ ಬೆಳಿಗ್ಗೆ ಜಗಳ ಬೇಡ.

ನೀರು ಬಿಟ್ಟು ಪರೀಕ್ಷೆ ಮಾಡುವಾಗ ಬೇಸಿನ್ ತುಂಬಿಸಿ ಒಮ್ಮೆಲೇ ಬಿಡಿ. ಸಣ್ಣಗೆ ಹರಿಯುವಾಗ ಸೋರದ ಜೋಡಣೆ ಈ ಭಾರಕ್ಕೆ ಸೋರುತ್ತದೆ. ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವವೂ ಅದರ ಮೇಲೆ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಸ್ವಂತ ಮನೆ, ಗಟ್ಟಿ ಗೋಡೆ, ಗೌಂಡಿಗೆ ಒಂದು ದಿನದ ಕೂಲಿ ಕೊಡಲು ತಯಾರು ಅಂದರೆ ಗ್ರಾನೈಟ್ ಸ್ಲ್ಯಾಬು, ಮೇಲೆ ಬಿಳಿ ಬೇಸಿನ್ನು. ನನ್ನ ಮೊದಲ ಆಯ್ಕೆ ಅದೇ. ಗೌಂಡಿ ಬೇಡ, ಭಾನುವಾರ ಒಂದೇ ದಿನದಲ್ಲಿ ಮುಗಿಯಬೇಕು, ಸಾಮಾನಿಡಲು ಜಾಗವೂ ಬೇಕು ಅಂದರೆ ತೂಗು ಪಿವಿಸಿ ಕ್ಯಾಬಿನೆಟ್ಟು, ಸ್ಟೇನ್‌ಲೆಸ್ ಕೀಲಿನದ್ದು. ಬಚ್ಚಲು ಸಣ್ಣದು, ಬಾಗಿಲು ತೆರೆದರೆ ಬೇಸಿನ್ನಿಗೆ ಬಡಿಯುತ್ತದೆ ಅಂದರೆ 18 ಇಂಚಿನ ಬರೀ ಬೇಸಿನ್ನು ಅಥವಾ ಮೂಲೆಗೆ ಕೂರುವಂಥದ್ದು.

ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಯಾವ ಆಯ್ಕೆಯಾದರೂ ಪಕ್ಕದಲ್ಲಿ ಸ್ಟೀಲಿನ ಹಿಡಿಯೊಂದನ್ನು ಬೇರೆಯಾಗಿಯೇ ಗೋಡೆಗೆ ಬಿಗಿಯಿರಿ. ಅವ್ವ ಬೇಸಿನ್ ಹಿಡಿದು ಏಳುವುದನ್ನು ನೀವು ಬೈದು ಬಿಡಿಸಲಾರಿರಿ, ಹಿಡಿಯಲು ಇನ್ನೊಂದು ಕೊಟ್ಟರೆ ತಾನಾಗಿಯೇ ಬಿಡುತ್ತಾರೆ. ಗಾಲಿಕುರ್ಚಿ ಇದ್ದರೆ ಕಂಬವೂ ಬೇಡ, ಕ್ಯಾಬಿನೆಟ್ಟೂ ಬೇಡ, ಅಡಿಯಲ್ಲಿ ಮೊಣಕಾಲು ಹೋಗಬೇಕು.

ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು ಕೇಳಿಯೇ ಕೈ ಹಾಕಿ. ಹಳೆಯ ಬೋಲ್ಟಿನ ತೂತಿಗೇ ಕೂಡುವ ಬೇಸಿನ್ ಹುಡುಕಿ, ಟೈಲ್ಸಿಗೆ ಹೊಸ ತೂತು ಬೀಳದಂತೆ ನೋಡಿಕೊಳ್ಳಿ. ಬಿಚ್ಚಿದ ಹಳೆಯ ಬೇಸಿನ್, ಬೋಲ್ಟು, ನಳ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ, ಮನೆ ಬಿಡುವಾಗ ಡಿಪಾಜಿಟ್ ಮಾತು ಬಂದಾಗ ಬೇಕಾಗುತ್ತದೆ.